ಗಡಿಯಾಚೆ ನ್ಯಾಯ ಕೇಳಿದ 270 ಕಾರ್ಮಿಕರು

(ಗಿರಣಿ ಕಾರ್ಮಿಕರ ಹಾಗೂ ಚಿಲ್ಲರೆ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಮಾನವ ಹಕ್ಕುಗಳೆಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಪ್ರತಿ ವರ್ಷ ಡಿಸೆಂಬರ್ 10ನೆಯ ತಾರೀಖು ಬಂತೆಂದರೆ ಮಂತ್ರಿಗಳು ಹಾರ ಹಾಕಿಸಿಕೊಂಡು ಅದರ ಮೇಲೆ ಮಾತನಾಡುತ್ತಾರೆ. ಆದರೆ ಹಕ್ಕನ್ನು ಮುರಿದದ್ದು ಸರಕಾರವೇ ಆದರೆ, ಆ ದೇಶದ ಕೋರ್ಟೂ ಕೈಚೆಲ್ಲಿದರೆ, ಬಡವನು ಯಾರ ಬಾಗಿಲು ತಟ್ಟಬೇಕು? ಅಂಗಡಿಯವನು ತನ್ನ ತೂಕದ ಕಲ್ಲಿಗೆ ತಾನೇ ಮುದ್ರೆ ಒತ್ತಿಕೊಳ್ಳುವ ಹಾಗಿಲ್ಲ. ಅದಕ್ಕೊಂದು ಇಲಾಖೆ ಇದೆ. ಸರಕಾರದ ತಕ್ಕಡಿಯನ್ನು ಪರೀಕ್ಷಿಸುವವರು ಯಾರು?

ಇದಕ್ಕೆ ಪ್ರಪಂಚದ ಮೂರು ಕಡೆಗಳಲ್ಲಿ ಒಂದು ಬಗೆಯ ಉತ್ತರ ಕಂಡುಕೊಂಡಿದ್ದಾರೆ. ಯುರೋಪಿನವರು 1950ರಲ್ಲಿ ರೋಮ್ ನಗರದಲ್ಲಿ ಒಡಂಬಡಿಕೆ ಮಾಡಿಕೊಂಡು, 1959ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ನ್ಯಾಯಾಲಯ ಸ್ಥಾಪಿಸಿದರು. ಅಮೆರಿಕಾ ಖಂಡಗಳ ನ್ಯಾಯಾಲಯ 1979ರಿಂದ ಕೋಸ್ಟರಿಕಾ ದೇಶದ ಸಾನ್ ಹೊಸೆಯಲ್ಲಿದೆ. ಆಫ್ರಿಕದವರದು ಟಾಂಜಾನಿಯದ ಅರೂಷಾದಲ್ಲಿ. ತಾರೀಖುಗಳನ್ನು ಒಪ್ಪಿಸುವುದು ಮೇಷ್ಟರ ಹಳೇ ಚಾಳಿ, ಮನ್ನಿಸಿರಿ. ನಾನು ಹೇಳಬೇಕೆಂದು ಬಂದದ್ದು ಪನಾಮಾ ಕಾರ್ಮಿಕರ ಕಥೆ.

1990ರಲ್ಲಿ ಅಲ್ಲಿಯ ಕಾರ್ಮಿಕ ಸಂಘಗಳು ಸರಕಾರದ ಮುಂದೆ ಬೇಡಿಕೆಗಳನ್ನಿಟ್ಟವು. ಸರಕಾರ ತಳ್ಳಿಹಾಕಿತು. ಡಿಸೆಂಬರ್ 4ರಂದು ಮೆರವಣಿಗೆ, ಮರುದಿನ ಕೆಲಸ ನಿಲುಗಡೆ ಎಂದು ಗೊತ್ತುಮಾಡಿದರು. ಅದೇ ಹೊತ್ತಿಗೆ ಸೆರೆಯಲ್ಲಿದ್ದ ಒಬ್ಬ ಮಾಜಿ ಸೇನಾಧಿಕಾರಿ ತಪ್ಪಿಸಿಕೊಂಡು ಹೋಗಿ, ತನ್ನ ಕಡೆಯವರೊಂದಿಗೆ ಪೋಲೀಸು ಮುಖ್ಯ ಕಚೇರಿಯನ್ನು ಹಿಡಿದನು. ಸರಕಾರಕ್ಕೆ ಇಷ್ಟೇ ಸಾಕಾಯಿತು. ಮೆರವಣಿಗೆ ಬೇರೆಯಲ್ಲ, ದಂಗೆ ಬೇರೆಯಲ್ಲ ಎಂದು ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿ, ವಿದ್ಯುತ್, ದೂರವಾಣಿ, ಬಂದರು ಮುಂತಾದ ಸರಕಾರೀ ಸಂಸ್ಥೆಗಳ ನೌಕರರನ್ನು ವಜಾ ಮಾಡಿತು. ಡಿಸೆಂಬರ್ 14ರಂದು ಒಂದು ಕಾನೂನನ್ನೂ ಹೊರಡಿಸಿ, ಅದು ಡಿಸೆಂಬರ್ 4ರಿಂದಲೇ ಜಾರಿಯಲ್ಲಿತ್ತೆಂದು ಬರೆಯಿತು. ಅಂದರೆ ನೀವು ಸೋಮವಾರ ಮಾಡಿದ ಕೆಲಸ ಸೋಮವಾರದಂದು ತಪ್ಪಲ್ಲ. ಮುಂದಿನ ವಾರ ಕಾನೂನು ಬರೆದು, ಸೋಮವಾರದ ಕೆಲಸಕ್ಕೆ ಶಿಕ್ಷೆ! ವಜಾ ಆದವರಿಗೆ ತಮ್ಮ ಅಹವಾಲು ಹೇಳಿಕೊಳ್ಳಲು ಅವಕಾಶವಿರಲಿಲ್ಲ. ಸಂಘಗಳ ಕಚೇರಿಗಳಿಗೂ ಬ್ಯಾಂಕು ಖಾತೆಗಳಿಗೂ ಸರಕಾರ ಕೈಹಾಕಿತು. ಕಾರ್ಮಿಕರು ದೇಶದೊಳಗಿನ ಕೋರ್ಟುಗಳಿಗೆ ಹೋದರು, ದಾವೆಗಳು ಬಿದ್ದುಹೋದವು.

ಆಗ ಅವರು ಗಡಿಯಾಚೆ ನೋಡಿದರು. 1994ರಲ್ಲಿ ಅಮೆರಿಕಾ ಖಂಡಗಳ ಮಾನವ ಹಕ್ಕು ಆಯೋಗಕ್ಕೆ ಅರ್ಜಿ ಹೋಯಿತು. ಅಲ್ಲಿ ಪ್ರಜೆ ನೇರವಾಗಿ ನ್ಯಾಯಾಲಯದ ಮೆಟ್ಟಲು ಹತ್ತುವಂತಿಲ್ಲ. ಮೊದಲು ಆಯೋಗ, ಅದಕ್ಕೆ ಸರಿಕಂಡರೆ ನ್ಯಾಯಾಲಯ. ಆಯೋಗವು 1998ರಲ್ಲಿ ಮೊಕದ್ದಮೆ ಹೂಡಿತು. 2001ರ ಫೆಬ್ರವರಿ 2ರಂದು ತೀರ್ಪು ಹೊರಬಿತ್ತು. ಹಿಂದಿನ ತಾರೀಖಿನಿಂದ ಕಾನೂನು ಹಾಕಿದ್ದು ತಪ್ಪು, ವಿಚಾರಣೆಯಿಲ್ಲದೆ ವಜಾ ಮಾಡಿದ್ದು ತಪ್ಪು, ಸಂಘ ಕಟ್ಟುವ ಸ್ವಾತಂತ್ರ್ಯವನ್ನು ಮುರಿದದ್ದು ತಪ್ಪು. 270 ಜನರನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳಿ, ಅದಾಗದಿದ್ದರೆ ಬೇರೆ ಕೆಲಸ ಅಥವಾ ಪರಿಹಾರ ಕೊಡಿ, ಬಾಕಿ ಸಂಬಳ ಕೊಡಿ, ಮನೋವ್ಯಥೆಗಾಗಿ ತಲಾ 3,000 ಡಾಲರು ಕೊಡಿ ಎಂದು ನ್ಯಾಯಾಲಯ ಆಜ್ಞೆ ಮಾಡಿತು.

ಗೆದ್ದೆವೆಂದು ಚಪ್ಪಾಳೆ ತಟ್ಟಬೇಡಿರಿ. ಈ ನ್ಯಾಯಾಲಯಕ್ಕೆ ಪೋಲೀಸಿಲ್ಲ, ಜಪ್ತಿ ಅಮೀನನಿಲ್ಲ. ತೀರ್ಪು ಜಾರಿಯಾಯಿತೇ ಎಂದು ವಿಚಾರಿಸಲು ನಿಮಗೆ ಅಧಿಕಾರವೇ ಇಲ್ಲವೆಂದು ಪನಾಮಾ ಸರಕಾರ ವಾದಿಸಿತು. ಇದೆಯೆಂದು 2003ರಲ್ಲಿ ನ್ಯಾಯಾಲಯ ಇನ್ನೊಮ್ಮೆ ಹೇಳಬೇಕಾಯಿತು. ವಜಾ ಆದ ದಿನದಿಂದ ತೀರ್ಪಿಗೆ ಹತ್ತು ವರ್ಷ. ತೀರ್ಪಿನಿಂದ ಹಣಕ್ಕೆ ಮತ್ತೂ ವರ್ಷಗಳು. ಅಷ್ಟು ದಿನ ಒಲೆ ಹೇಗೆ ಉರಿಯಿತೆಂಬುದನ್ನು ಸಂಬಳ ನಿಂತವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ದೊಡ್ಡವರ ನಡತೆಯನ್ನೂ ನೋಡಿರಿ. ಮಾನವ ಹಕ್ಕಿನ ಪಾಠವನ್ನು ಲೋಕಕ್ಕೆಲ್ಲ ಹೇಳುವ ಅಮೆರಿಕಾ ಸಂಯುಕ್ತ ಸಂಸ್ಥಾನವು 1977ರಲ್ಲಿ ಆ ಖಂಡದ ಒಡಂಬಡಿಕೆಗೆ ರುಜು ಹಾಕಿದ್ದೇನೋ ಹೌದು, ಸ್ಥಿರೀಕರಿಸಲೇ ಇಲ್ಲ. ಆದಕಾರಣ ಆ ನ್ಯಾಯಾಲಯದ ತೀರ್ಪಿಗೆ ಅದು ತಲೆಬಾಗಬೇಕಾಗಿಲ್ಲ.

ಆಫ್ರಿಕದ ದಕ್ಷಿಣ ಭಾಗದಲ್ಲಿ ಇನ್ನೂ ವಿಚಿತ್ರ ನಡೆಯಿತು. ಅಲ್ಲಿಯ ರಾಷ್ಟ್ರಗಳ ಒಕ್ಕೂಟಕ್ಕೆ ನಮೀಬಿಯದ ವಿಂಡ್‌ಹುಕ್‌ನಲ್ಲಿ ಒಂದು ನ್ಯಾಯಮಂಡಳಿ ಇತ್ತು. ಅದು 2008ರಲ್ಲಿ ಜಿಂಬಾಬ್ವೆ ಸರಕಾರದ ವಿರುದ್ಧ, ಭೂಮಿ ಕಳೆದುಕೊಂಡ ಬಿಳಿಯ ಜಮೀನುದಾರರ ಪರ ತೀರ್ಪು ಕೊಟ್ಟಿತು. 2010ರಲ್ಲಿ ಸರಕಾರಗಳ ಮುಖ್ಯಸ್ಥರೆಲ್ಲ ಸೇರಿ ನ್ಯಾಯಮಂಡಳಿಯನ್ನೇ ಅಮಾನತ್ತಿನಲ್ಲಿಟ್ಟರು. 2012ರಲ್ಲಿ, ಇನ್ನು ಮುಂದೆ ಪ್ರಜೆಗಳ ದೂರು ಬೇಡ, ರಾಷ್ಟ್ರ ರಾಷ್ಟ್ರಗಳ ವ್ಯಾಜ್ಯ ಮಾತ್ರ ಸಾಕೆಂದು ತೀರ್ಮಾನಿಸಿದರು. ಸಾವಿರಾರು ಎಕರೆ ಒಬ್ಬನ ಕೈಯಲ್ಲಿರುವುದನ್ನು ಒಪ್ಪುವವನು ನಾನಲ್ಲ. ಆದರೆ ಜಮೀನುದಾರನ ಮುಖಕ್ಕೆ ಮುಚ್ಚಿದ ಆ ಬಾಗಿಲು ಗಣಿಯ ಕೂಲಿಗೂ ಮುಚ್ಚಿತು. ಇದನ್ನು ನಮ್ಮ ಸಂಗಾತಿಗಳು ಮರೆಯಬಾರದು.

ಇನ್ನು ಏಷ್ಯಾ. ಇಡೀ ಖಂಡಕ್ಕೆ ಇಂಥ ನ್ಯಾಯಾಲಯವೇ ಇಲ್ಲ. ಆಗ್ನೇಯ ಏಷ್ಯಾ ರಾಷ್ಟ್ರಗಳು 2009ರಲ್ಲೊಂದು ಆಯೋಗ ಮಾಡಿಕೊಂಡಿವೆ. ತೀರ್ಪು ಕೊಡುವ ಅಧಿಕಾರ ಅದಕ್ಕಿಲ್ಲ. ನಮ್ಮ ದೇಶ 1979ರಲ್ಲಿ ವಿಶ್ವಸಂಸ್ಥೆಯ ನಾಗರಿಕ ಹಾಗೂ ರಾಜಕೀಯ ಹಕ್ಕುಗಳ ಒಡಂಬಡಿಕೆಯನ್ನು ಒಪ್ಪಿತು. ಪ್ರಜೆ ನೇರವಾಗಿ ಅಲ್ಲಿಗೆ ದೂರು ಬರೆಯಲು ಬೇರೊಂದು ಪತ್ರಕ್ಕೆ ರುಜು ಬೇಕು. ಅದನ್ನು ದಿಲ್ಲಿ ಹಾಕಿಲ್ಲ.

ಹಾಗಾದರೆ ನಮಗಿರುವುದೇನು? ಕೈಗಾರಿಕಾ ನ್ಯಾಯಮಂಡಳಿ, ಹೈಕೋರ್ಟು, ಸುಪ್ರೀಂ ಕೋರ್ಟು. ಮತ್ತು 1993ರ ಕಾಯಿದೆಯಿಂದ ಹುಟ್ಟಿದ ಮಾನವ ಹಕ್ಕುಗಳ ಆಯೋಗ. ಆಯೋಗ ಆಜ್ಞೆ ಮಾಡಲಾರದು, ಶಿಫಾರಸು ಮಾತ್ರ ಮಾಡೀತು. ನೌಕರಿಯ ವ್ಯಾಜ್ಯ, ಕಾರ್ಮಿಕ ವಿವಾದಗಳನ್ನು ಅದು ಸಾಮಾನ್ಯವಾಗಿ ಕೈಗೆತ್ತಿಕೊಳ್ಳುವುದಿಲ್ಲ. ಪನಾಮಾದ ಆ 270 ಜನ ಇಲ್ಲಿದ್ದಿದ್ದರೆ ಆಯೋಗದ ಗುಮಾಸ್ತೆ ಅರ್ಜಿಯನ್ನು ವಾಪಸು ಕಳುಹಿಸುವ ಸಂಭವವೇ ಹೆಚ್ಚು. ಆದರೂ ಠಾಣೆಯಲ್ಲಿ ಹೊಡೆತ ತಿಂದವರಿಗೆ, ಸಂತೆಯಲ್ಲಿ ಪೋಲೀಸರ ಕಿರುಕುಳಕ್ಕೆ ಸಿಕ್ಕವರಿಗೆ ಅದರ ಬಾಗಿಲು ತೆರೆದಿದೆ. ವಕೀಲ ಬೇಡ, ಶುಲ್ಕವಿಲ್ಲ, ಕನ್ನಡದಲ್ಲೇ ಬರೆಯಬಹುದು. ಘಟನೆ ನಡೆದು ಒಂದು ವರ್ಷ ಕಳೆದರೆ ಮಾತ್ರ ಆಯೋಗ ವಿಚಾರಿಸುವ ಹಾಗಿಲ್ಲ. ಆದುದರಿಂದ ಅಂಥವರು ಯಾರಾದರೂ ಈ ಸಭೆಯಲ್ಲಿದ್ದರೆ ತಾರೀಖು, ಜಾಗ, ಸಾಕ್ಷಿಗಳ ಹೆಸರು ಬರೆದುಕೊಂಡು ಸಂಜೆ ಪಾಳಿ ಬಿಟ್ಟ ಮೇಲೆ ಸಂಘದ ಕಚೇರಿಗೆ ಬನ್ನಿರಿ. ಅರ್ಜಿ ಬರೆದುಕೊಡಲು ನಾನು ಅಲ್ಲಿರುತ್ತೇನೆ.