ರಕ್ತಪರೀಕ್ಷೆ ಯಾರಿಗೆ ಬೇಕು?

(ಉಣಕಲ್ಲಿನ ಸಭೆಯಲ್ಲಿ ಮಾಡಿದ ಭಾಷಣದ ಸಾರ)

ಕಾರ್ಮಿಕ ಬಂಧುಗಳೇ, ವ್ಯಾಪಾರಿ ಮಿತ್ರರೇ,

“ರಕ್ತ ಕೊಡಿರಿ, ನಿಮ್ಮ ರೋಗನಿರೋಧಕ ಶಕ್ತಿ ಎಷ್ಟಿದೆ ಹೇಳುತ್ತೇವೆ” ಎಂದು ಯಾರಾದರೂ ಹಣ ಕೇಳಿದರೆ, ಯಾವ ರೋಗದ ವಿರುದ್ಧ ಎಂದು ಮೊದಲು ಕೇಳಿರಿ. ರೋಗವನ್ನು ಎದುರಿಸಲು ರಕ್ತದಲ್ಲಿ ಹುಟ್ಟುವ ವಸ್ತುವೇ ಪ್ರತಿಕಾಯ. ಒಂದೊಂದು ರೋಗಕ್ಕೆ ಒಂದೊಂದು, ಬೀಗಕ್ಕೆ ತಕ್ಕ ಕೀಲಿಯಂತೆ. ಕೊರೋನಾದ ಪ್ರತಿಕಾಯ ಕಾಮಾಲೆಯನ್ನು ತಡೆಯದು. ಒಟ್ಟು ದೇಹಬಲವನ್ನು ಹೇಳುವ ಒಂದೇ ಅಂಕಿ ಇಲ್ಲ.

ಹಾಗೆಂದು ಪರೀಕ್ಷೆ ವ್ಯರ್ಥವಲ್ಲ. 2020ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರಕಾರ ಎಲ್ಲ ಜಿಲ್ಲೆಗಳಲ್ಲಿ ಜನರ ರಕ್ತವನ್ನೂ ಗಂಟಲ ದ್ರವವನ್ನೂ ಪರೀಕ್ಷಿಸಿತು. ನೂರಕ್ಕೆ ಸುಮಾರು 27 ಜನರಿಗೆ ಕೊರೋನಾ ತಗುಲಿತ್ತೆಂದು ತಿಳಿಯಿತು. ದಾಖಲೆಯಲ್ಲಿದ್ದವರು ಅದಕ್ಕಿಂತ ಎಷ್ಟೋ ಕಡಿಮೆ.

ಇನ್ನು, ಇಲ್ಲಿಂದ ಹುಬ್ಬಳ್ಳಿ-ಧಾರವಾಡದ ಆಸ್ಪತ್ರೆಗಳಿಗೆ ಕಸ ಬಳಿಯಲು ಹೋಗುವ ತಾಯಂದಿರನ್ನು ನೋಡಿರಿ. ಬಳಸಿದ ಸೂಜಿ ಚುಚ್ಚಿದರೆ ಹೆಪಟೈಟಿಸ್-ಬಿ ತಗುಲಬಹುದು. ಇಂಥವರಿಗೆ 3 ಸಲ ಲಸಿಕೆ ಹಾಕಿ, ಒಂದೆರಡು ತಿಂಗಳಲ್ಲಿ ಪ್ರತಿಕಾಯ ಅಳೆಯಬೇಕು. ಮಿಲಿಲೀಟರಿಗೆ 10 ಮಿಲಿ-ಯುನಿಟ್ ಇದ್ದರೆ ರಕ್ಷಣೆ ಉಂಟು. ಕಡಿಮೆಯಿದ್ದರೆ ಮತ್ತೆ ಲಸಿಕೆ ಬೇಕು.

ಇದರ ಖರ್ಚು ದುಡಿಸಿಕೊಳ್ಳುವವರದು, ದಿನಗೂಲಿಯವರದಲ್ಲ. ಗುತ್ತಿಗೆಯ ಕರಾರಿನಲ್ಲಿಯೇ ಇದನ್ನು ಬರೆಸಬೇಕು. ಸಂಘದ ಮುಂದಿನ ಬೇಡಿಕೆ ಇದಾಗಲಿ.