ಹುಲಿ ಹಾರಿದ ಕಮರಿಯಲ್ಲಿ

ಚೀನಾಕ್ಕೆ ಹೋಗಿ ಬಂದವರನ್ನು ಜನ ಮೊದಲು ಕೇಳುವುದು ಮಹಾಗೋಡೆಯ ವಿಚಾರ. ನಾನು ಅದನ್ನು ನೋಡಲಿಲ್ಲ. 2018ರ ಡಿಸೆಂಬರಿನಲ್ಲಿ, ಅಲ್ಲಿ ಉದ್ಯೋಗದಲ್ಲಿದ್ದ ನನ್ನ ಸೋದರಳಿಯ, “ಮಾವ, ಗೋಡೆ ಎಲ್ಲಿಗೂ ಹೋಗುವುದಿಲ್ಲ. ಕಾಲಿನಲ್ಲಿ ಬಲವಿರುವಾಗಲೇ ಯುನ್ನಾನಿಗೆ ಬನ್ನಿ” ಎಂದು ಕರೆದೊಯ್ದ.

ಯುನ್ನಾನ್ ಚೀನಾದ ನೈಋತ್ಯ ಮೂಲೆಯ ಪ್ರಾಂತ. ಅಲ್ಲಿ ಚಳಿಗಾಲವೆಂದರೆ ಒಣಗಾಲ. ಗಾಳಿ ಕೊರೆಯುತ್ತದೆ, ಆಕಾಶ ಮಾತ್ರ ನಿರ್ಮಲ. ಲಿಜಿಯಾಂಗ್ ಪಟ್ಟಣದಿಂದ ಬಸ್ಸಿನಲ್ಲಿ ಹೊರಟು ಚಿಯಾವ್‌ತೋ ಎಂಬ ಊರಿನಲ್ಲಿಳಿದು ನಾವು ಕಾಲುದಾರಿ ಹಿಡಿದೆವು. ಯಾಂಗ್‌ಟ್ಸಿ ಮಹಾನದಿಗೆ ಈ ಸೀಮೆಯಲ್ಲಿ ಚಿನ್‌ಷಾ ಎಂದು ಹೆಸರು, ಹೊನ್ನಮರಳೆಂದು ಅರ್ಥ. ಒಂದು ದಡದಲ್ಲಿ 5,596 ಮೀಟರ್ ಎತ್ತರದ ಯೂಲುಂಗ್ ಹಿಮಪರ್ವತ, ಇನ್ನೊಂದು ದಡದಲ್ಲಿ 5,396 ಮೀಟರಿನ ಹಾಬಾ. ಇವೆರಡರ ನಡುವಿನ ಇಕ್ಕಟ್ಟಿನಲ್ಲಿ ನದಿ ನುಗ್ಗುತ್ತದೆ. ಬೇಟೆಗಾರನಿಗೆ ಹೆದರಿದ ಹುಲಿಯೊಂದು ಅತ್ಯಂತ ಕಿರಿದಾದ ಕಡೆಯಲ್ಲಿ ನದಿಯನ್ನು ಹಾರಿ ಪಾರಾಯಿತಂತೆ. ಕಮರಿಗೆ ಹುಲಿಯ ನೆಗೆತದ ಹೆಸರು ಬಂದದ್ದು ಅದರಿಂದ.

ದಾರಿಯಲ್ಲಿ ‘ಇಪ್ಪತ್ತೆಂಟು ತಿರುವು’ ಎಂಬ ಕಡಿದಾದ ಏರಿದೆ. ಅಲ್ಲಿಯ ನಾಶಿ ಜನಾಂಗದ ಒಬ್ಬಾತ ಗಂಟೆ ಕಟ್ಟಿದ ಕುದುರೆಯೊಡನೆ ನಮ್ಮ ಬೆನ್ನಿಗೇ ಬರುತ್ತಿದ್ದ. ಮಾತಿಲ್ಲ, ಒತ್ತಾಯವಿಲ್ಲ; ನನ್ನ ಉಸಿರಾಟವನ್ನು ಕೇಳಿಸಿಕೊಳ್ಳುತ್ತ ಬರುತ್ತಿದ್ದ, ಅಷ್ಟೆ. ಹದಿನೈದನೆಯ ತಿರುವಿನಲ್ಲಿ ನಾನು ಚೀಲವನ್ನು ಕುದುರೆಗೆ ಒಪ್ಪಿಸಿದೆ. ಇಪ್ಪತ್ತನೆಯದರಲ್ಲಿ ನನ್ನನ್ನೇ ಒಪ್ಪಿಸಿಕೊಂಡೆ. ಅಳಿಯ ನಗಲಿಲ್ಲ. ಅದು ಅವನ ದೊಡ್ಡತನ.

ಸಂಜೆ ತಂಗಿದ್ದು ಒಂದು ನಾಶಿ ಕುಟುಂಬದ ಮನೆಯಲ್ಲಿ. ಅಂಗಳದ ಸುತ್ತ ಮೆಕ್ಕೆಜೋಳದ ತೆನೆಗಳನ್ನು ಹೆಣೆದು ತೂಗುಹಾಕಿದ್ದರು. ಮೊದಲು ಬಂದದ್ದು ಬೆಣ್ಣೆ ಮತ್ತು ಉಪ್ಪು ಹಾಕಿ ಕಡೆದ ಚಹ. ಚಹವೆಂದುಕೊಂಡರೆ ಕುಡಿಯುವುದು ಕಷ್ಟ, ಸಾರೆಂದುಕೊಂಡರೆ ಸೊಗಸು. ಆಮೇಲೆ ‘ಬಾಬಾ’ ಎಂಬ ದಪ್ಪ ಗೋಧಿರೊಟ್ಟಿ. ಕೊನೆಗೆ ಒಂದು ಬಗೆಯ ಕಡಲೆಯ ಹಿಟ್ಟನ್ನು ಕಾಯಿಸಿ, ನಮ್ಮ ಹಾಲುಬಾಯಿಯಂತೆ ಆರಿಸಿ ಗಟ್ಟಿ ಮಾಡಿದ ಬೂದುಬಣ್ಣದ ತುಂಡುಗಳು. ಬೇಸಗೆಯಲ್ಲಿ ತಣ್ಣಗೆ ತಿನ್ನುವ ಇದನ್ನು ಚಳಿಗಾಲದಲ್ಲಿ ಎಣ್ಣೆಯಲ್ಲಿ ಹುರಿದು, ಮೇಲೆ ಮೆಣಸಿನಕಾಯಿ, ಹುಳಿ ಹಾಗೂ ಹ್ವಾಜಿಯಾವ್ ಪುಡಿ ಉದುರಿಸಿ ಕೊಡುತ್ತಾರೆ.

ಆ ಪುಡಿ ನಾಲಿಗೆಗೆ ತಾಗಿದೊಡನೆ ತುಟಿ ಜುಮ್ಮೆಂದಿತು. ನಾನು ತಟ್ಟೆಯನ್ನು ಕೆಳಗಿಟ್ಟೆ. ಅದು ಮಲೆನಾಡಿನ ಜುಮ್ಮನಕಾಯಿಯ ರುಚಿ! ಎರಡೂ ಒಂದೇ ಕುಲದ ಗಿಡಗಳೆಂದು ಆಮೇಲೆ ತಿಳಿಯಿತು. ಅಜ್ಜನ ಮನೆಯ ಹಿತ್ತಿಲಿನಲ್ಲಿ ಮುಳ್ಳುಮೈಯ ಜುಮ್ಮನ ಮರವೊಂದಿತ್ತು. ಆ ಮನೆ, ಆ ಹಿತ್ತಿಲು 1964ರಲ್ಲಿ ಲಿಂಗನಮಕ್ಕಿಯ ಹಿನ್ನೀರಿನ ಪಾಲಾದವು. ಆಗ ನನಗೆ ಆರು ವರ್ಷ.

ಅಳಿಯನ ಬಾಯಿಂದ ಇದನ್ನು ಕೇಳಿದ ಆ ಮನೆಯ ಅಜ್ಜಿ ಬೆಂಕಿಯ ಬಳಿಗೆ ಸರಿದು ಕುಳಿತರು. ಅವರ ತವರು ಕಮರಿಯ ಮೇಲಣ ಕಣಿವೆಯಲ್ಲಿತ್ತು. ಅಲ್ಲಿಯೂ ಒಂದು ದೊಡ್ಡ ಅಣೆಕಟ್ಟಿನ ಯೋಜನೆ ಸಿದ್ಧವಾಗಿತ್ತು. ಕಟ್ಟಿದ್ದರೆ ಸುಮಾರು ಒಂದು ಲಕ್ಷ ಜನ ಊರು ಬಿಡಬೇಕಾಗುತ್ತಿತ್ತು. 2004ರಿಂದ ರೈತರು, ಪತ್ರಕರ್ತರು, ಪರಿಸರ ಪ್ರೇಮಿಗಳು ಅದನ್ನು ವಿರೋಧಿಸಿದರು. 2007ರ ಕೊನೆಯಲ್ಲಿ ಯೋಜನೆಯನ್ನು ಕೈಬಿಡಲಾಯಿತು.

“ನಿಮ್ಮ ಕಡೆ ಏನೇನು ಮುಳುಗಿತು?” ಎಂದು ಅಜ್ಜಿ ಕೇಳಿದರು.

ಮನೆ, ತೋಟ, ಗದ್ದೆ, ಊರಿನ ದೇವಸ್ಥಾನ ಎಂದು ಎಣಿಸಿದೆ. ಅಳಿಯ ಒಂದೊಂದನ್ನೂ ಚೀನೀ ಭಾಷೆಗೆ ತಿರುಗಿಸಿದ. ಆದರೆ ಇನ್ನೊಂದು ಮಾತನ್ನೂ ಹೇಳದಿರಲಾಗಲಿಲ್ಲ: ಆ ನೀರಿನಿಂದ ಬಂದ ದೀಪದ ಬೆಳಕಿನಲ್ಲಿಯೇ ನಾನು ಓದಿ ನೌಕರಿ ಹಿಡಿದದ್ದು. ಅಜ್ಜಿ ತಲೆಯಾಡಿಸಿದರು, ಒಪ್ಪಿಗೆಯೋ, ಮರುಕವೋ ತಿಳಿಯಲಿಲ್ಲ.

ಮರುದಿನ ಕಮರಿಯ ತಳಕ್ಕಿಳಿದೆವು. ಮಳೆಗಾಲದಲ್ಲಿ ಕೆಂಪಾಗಿ ಹರಿಯುವ ಹೊಳೆ ಚಳಿಗಾಲದಲ್ಲಿ ಪಚ್ಚೆಯ ಬಣ್ಣ ತಾಳುತ್ತದೆ. ಬಂಡೆಗೆ ಬಡಿದಲ್ಲಿ ಮಾತ್ರ ಬಿಳುಪು. ಆ ಮೊರೆತದಲ್ಲಿ ಪಕ್ಕದವನ ಮಾತು ಕೂಡ ಕೇಳಿಸದು. ಮಾತಾಡುವ ಅಗತ್ಯವೂ ನನಗೆ ಕಾಣಲಿಲ್ಲ. ತಡೆಯಿಲ್ಲದೆ ಹರಿಯುವ ನದಿಯೊಂದನ್ನು ಅಷ್ಟು ಹೊತ್ತು ನಾನು ಹಿಂದೆಂದೂ ನೋಡಿರಲಿಲ್ಲ.

ಅಜ್ಜಿ ಕೊಟ್ಟಿದ್ದ ಹ್ವಾಜಿಯಾವ್ ಪೊಟ್ಟಣವನ್ನು ಊರಿಗೆ ತಂದು ಅಮ್ಮನ ಕೈಗಿಟ್ಟೆ. ಅವರು ಒಂದು ಕಾಯಿಯನ್ನು ಮೂಸಿ, ಕಚ್ಚಿ ನೋಡಿ, “ಇದು ನಮ್ಮದಲ್ಲ ಕಣೋ. ನಮ್ಮ ಹಿತ್ತಿಲಿನದಕ್ಕೆ ಇನ್ನೂ ಘಾಟಿತ್ತು” ಎಂದರು. ಸ್ವಲ್ಪ ಹೊತ್ತು ಪೊಟ್ಟಣವನ್ನು ಹಿಡಿದುಕೊಂಡೇ ಕುಳಿತಿದ್ದರು. ಆಮೇಲೆ ಎದ್ದುಹೋಗಿ, ಅದನ್ನೇ ತುಪ್ಪದಲ್ಲಿ ಹುರಿದು, ಕಾಯಿತುರಿಯೊಡನೆ ಅರೆದು ತಂಬುಳಿ ಮಾಡಿದರು. ನಾವಿಬ್ಬರೂ ಎರಡೆರಡು ಸಲ ಬಡಿಸಿಕೊಂಡೆವು.