ಹಲ್ಲು ಡಾಕ್ಟರ ಕೋಣೆ ಹೋಟೆಲ್ ರೂಮ್ ಆದ ಕಥೆ

ಊರ ಮಧ್ಯದ ಹಳೇ ಆಫೀಸು ಕಟ್ಟಡ ಖಾಲಿ ಬಿದ್ದರೆ ಸಾಮಾನ್ಯವಾಗಿ ಎರಡೇ ದಾರಿ ಕಾಣುತ್ತೆ. ಒಂದು, ಕೆಡವೋದು. ಇನ್ನೊಂದು, ‘ಪಾರಂಪರಿಕ ಕಟ್ಟಡ’ ಅಂತ ಬೋರ್ಡು ಹಾಕಿ ಬೀಗ ಜಡಿಯೋದು. ಇವತ್ತು ಮೂರನೇ ದಾರಿ ಹಿಡಿದ ಕಟ್ಟಡವೊಂದರ ಕಥೆ ಹೇಳ್ತೀನಿ. ಅಮೆರಿಕದ ಶಿಕಾಗೋದಲ್ಲಿರುವ ರಿಲಯನ್ಸ್ ಬಿಲ್ಡಿಂಗ್. ಹೆಸರು ಕೇಳಿ ಗೊಂದಲ ಬೇಡ, ನಮ್ಮ ರಿಲಯನ್ಸ್ ಕಂಪನಿಗೂ ಇದಕ್ಕೂ ಸಂಬಂಧ ಇಲ್ಲ.

ಸ್ಟೇಟ್ ಸ್ಟ್ರೀಟ್‌ನಲ್ಲಿ ಇದರ ಕೆಲಸ ಶುರುವಾಗಿದ್ದು 1890ರಲ್ಲಿ. ಆಗ ಅಲ್ಲೊಂದು ಹಳೇ ಕಟ್ಟಡ ಇತ್ತು. ಅದರ ಮೇಲಿನ ಮಹಡಿಗಳ ಬಾಡಿಗೆದಾರರ ಕರಾರು ಮುಗಿದಿರಲಿಲ್ಲ. ಏನು ಮಾಡಿದ್ರು ಗೊತ್ತಾ? ಆ ಮಹಡಿಗಳನ್ನು ಜಾಕ್ ಮೇಲೆ ನಿಲ್ಲಿಸಿ, ಕೆಳಗೆ ಹೊಸ ಅಡಿಪಾಯ, ನೆಲಮಹಡಿ ಕಟ್ಟಿದ್ರು! ವಾಸ್ತುಶಿಲ್ಪಿ ಜಾನ್ ರೂಟ್ 1891ರಲ್ಲಿ ತೀರಿಕೊಂಡರು. ಮೇಲಿನ ಮಹಡಿಗಳ ವಿನ್ಯಾಸ ಮಾಡಿದ್ದು ಚಾರ್ಲ್ಸ್ ಅಟ್‌ವುಡ್. 1895ರಲ್ಲಿ ಕಟ್ಟಡ ಮುಗೀತು. ಒಳಗೆ ಉಕ್ಕಿನ ಚೌಕಟ್ಟು, ಹೊರಗೆ ಬಿಳಿ ಟೆರ್ರಾಕೋಟಾ, ಉಳಿದದ್ದೆಲ್ಲ ದೊಡ್ಡ ದೊಡ್ಡ ಗಾಜಿನ ಕಿಟಕಿ.

ಒಳ್ಳೆ ಬೆಳಕು ಬರ್ತಿತ್ತು. ಹಾಗಾಗಿ ಡಾಕ್ಟರುಗಳು, ಹಲ್ಲಿನ ವೈದ್ಯರು ಇಲ್ಲಿ ಸಣ್ಣ ಸಣ್ಣ ಕೋಣೆ ಹಿಡಿದರು. ಆದರೆ ಕಾಲ ಬದಲಾಯ್ತು. ದೊಡ್ಡ ಕಂಪನಿಗಳಿಗೆ ವಿಶಾಲವಾದ ಮಹಡಿ ಬೇಕು, ಈ ಕಿರಿದಾದ ನಿವೇಶನದಲ್ಲಿ ಅದು ಎಲ್ಲಿಂದ ಬರಬೇಕು? 1976ರಲ್ಲಿ ರಾಷ್ಟ್ರೀಯ ಸ್ಮಾರಕದ ಪಟ್ಟ ಸಿಕ್ತು. ಆದರೆ ಪಟ್ಟದಿಂದ ಸೋರೋ ಚಾವಣಿ ರಿಪೇರಿ ಆಗಲ್ಲ, ಬಾಡಿಗೆದಾರರೂ ಬರಲ್ಲ.

1994ರಲ್ಲಿ ನಗರಾಡಳಿತವೇ ಕಟ್ಟಡ ಕೊಂಡು ಹೊರಮೈ ಸರಿ ಮಾಡಿಸಿತು. 1999ರಲ್ಲಿ 122 ರೂಮುಗಳ ಬುಟೀಕ್ ಹೋಟೆಲ್ ಶುರುವಾಯ್ತು. ನಮ್ಮಲ್ಲಿ ಹೋಟೆಲ್ ಅಂದ್ರೆ ಇಡ್ಲಿ-ವಡೆ ನೆನಪಾಗುತ್ತೆ, ಇದು ಉಳಿದುಕೊಳ್ಳೋ ಹೋಟೆಲ್. ಗಮನಿಸಿ, ಯಾವ ಸಣ್ಣ ಕೋಣೆಗಳು ಆಫೀಸಿಗೆ ಬೇಡವಾದವೋ, ಅವೇ ಹೋಟೆಲಿಗೆ ಸರಿಹೋದವು. ಮಲಗೋಕೆ ವಿಶಾಲವಾದ ಹಜಾರ ಬೇಡ, ಒಂದು ಕಿಟಕಿ ಸಾಕು. ಹಳೇ ಕಾರಿಡಾರ್, ಅಮೃತಶಿಲೆ, ಮರದ ಬಾಗಿಲು ಕೀಳೋ ಅಗತ್ಯವೂ ಬರಲಿಲ್ಲ, ಯಾಕಂದ್ರೆ ಅದನ್ನು ನೋಡೋಕೇ ಅತಿಥಿಗಳು ದುಡ್ಡು ಕೊಡ್ತಾರೆ. ಅಮೆರಿಕದ ಕಾನೂನೂ ಇದಕ್ಕೆ ಒತ್ತಾಸೆ: ಐತಿಹಾಸಿಕ ಗುಣ ಉಳಿಸಿಕೊಂಡು ನವೀಕರಿಸಿದರೆ ಅರ್ಹ ಖರ್ಚಿನ ಶೇ 20ರಷ್ಟು ತೆರಿಗೆಯಲ್ಲಿ ವಜಾ.

ಹಾಗಂತ ಕಳೆದುಕೊಂಡಿದ್ದು ಏನೂ ಇಲ್ಲ ಅನ್ನಬೇಡಿ. ಹಿಂದೆ ಹಲ್ಲುನೋವು ಬಂದ ಯಾರು ಬೇಕಾದ್ರೂ ಲಿಫ್ಟ್ ಹತ್ತಿ ಮೇಲೆ ಹೋಗ್ತಿದ್ರು. ಈಗ ಮೇಲೆ ಹೋಗೋಕೆ ರೂಮ್ ಬುಕ್ ಮಾಡಿರಬೇಕು. ಹೋಟೆಲಿನ ಹೆಸರು, ಆಡಳಿತ ಬದಲಾಗಿವೆ. ಕಟ್ಟಡ ಮಾತ್ರ ನಿಂತಿದೆ.

ನಿಮ್ಮೂರಲ್ಲಿ ಹಳೇ ಕಟ್ಟಡ ಉಳಿಸೋ ಮಾತು ಬಂದಾಗ ಎರಡು ಪ್ರಶ್ನೆ ಕೇಳಿ. ಇದರ ಒಳಗಿನ ಕೋಣೆಗಳು ಯಾವ ಕೆಲಸಕ್ಕೆ ಒಗ್ಗುತ್ತವೆ? ನಾಳೆ ಇದರ ಬಾಗಿಲು ಯಾರಿಗೆ ತೆರೆದಿರುತ್ತೆ?